ಕೆಟಲ್ ಗಾಡಿಯ ಮುಳ್ಳು

ಮುಳ್ಳು ಅಲುಗಿತೇ, ಇಲ್ಲ, ಅಲುಗಿದ್ದು ಬಿಸಿಲು, ಎಂಜಿನ್ನಿನ ಬಿಸಿ ತೋರಿಸುವ ಮೀಟರಿನ ಗಾಜಿನ ಮೇಲೆ ಬಿದ್ದ ಬಿಸಿಲು, ಮುಳ್ಳು ಇದ್ದಲ್ಲೇ ಇದೆ, ನಡುವಿನ ಬಿಳಿ ಗೆರೆಯ ಮೇಲೆ, ಅಲ್ಲೇ ಇರು ಮಹಾರಾಯ, ಇನ್ನು ಮೂರು ಕಿಲೋಮೀಟರ್, ಬೇರೆ ದಿನವಾದರೆ ಐದು ನಿಮಿಷದ ದಾರಿ, ಇವತ್ತು ಮುಕ್ಕಾಲು ಗಂಟೆ, ಹಿಂದೆ ಜನ ನಡೆದು ಬರುತ್ತಿದ್ದಾರಲ್ಲ, ಅವರ ಕಾಲಿಗಿಂತ ಈ ಗಾಡಿಯ ಚಕ್ರ ಮುಂದೆ ಓಡುವ ಹಾಗಿಲ್ಲ, ಒಂದನೇ ಗೇರು, ಕ್ಲಚ್ಚಿನ ಮೇಲಿನ ಎಡಗಾಲಿಗೆ ಆಗಲೇ ಜೋಮು — ಕನ್ನಡಿಯಲ್ಲಿ ಅರ್ಧ ಬಸ್ ಡಿಪೋ ಕಾಣುತ್ತಿದೆ, ಡ್ರೈವರುಗಳು, ಕಂಡಕ್ಟರುಗಳು, ಎಣ್ಣೆ ಕೈಯ ಮೆಕ್ಯಾನಿಕ್ಕುಗಳು, ಮೂವತ್ತು ತಲೆಗೆ ಮೋಸವಿಲ್ಲ, ಎಲ್ಲರೂ ಅಣ್ಣನನ್ನು ಮನೆಯ ತನಕ ಬಿಟ್ಟುಬರಲು ಹೊರಟವರು. ಅಣ್ಣ ಪಕ್ಕದ ಸೀಟಿನಲ್ಲಿ ಕೂತಿದ್ದಾನೆ, ಮೂವತ್ತನಾಲ್ಕು ವರ್ಷ ಬಸ್ಸು ಓಡಿಸಿ ಇವತ್ತು ಮಧ್ಯಾಹ್ನ ಕೊನೆಯ ಸಲ ಕೀಲಿ ಒಪ್ಪಿಸಿದವನು, ಕೈ ಎರಡೂ ಮಂಡಿಯ ಮೇಲೆ, ಸ್ಟೇರಿಂಗ್ ಇಲ್ಲದ ಆ ಕೈಗಳಿಗೆ ಏನು ಮಾಡಬೇಕೋ ಗೊತ್ತಾಗುತ್ತಿಲ್ಲ ಪಾಪ, ಇಷ್ಟು ವರ್ಷದಲ್ಲಿ ಒಬ್ಬ ಪ್ರಯಾಣಿಕನನ್ನೂ ಕೆಳಗಿಳಿಸಿ ಬಸ್ಸು ತಳ್ಳಿಸಿದವನಲ್ಲ, ಅದನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದವನೂ ಅವನೇ, ಮತ್ತೆ ಅದೇ ಮನುಷ್ಯ ಒಂದು ಗಾಡಿ ತಳ್ಳಿದ್ದಾನೆ ಅಂದರೆ ಅದು ಈ ಗಾಡಿ, ತಂಗಿಯ ಗಾಡಿ, ಅದೂ ತನ್ನ ಡಿಪೋದ ಅಂಗಳದಲ್ಲೇ. ಇವತ್ತೂ ಇದು ಕುದಿದರೆ ಅವನು ಮಾತಾಡುವುದಿಲ್ಲ, ಬಾಗಿಲು ತೆಗೆದು ಇಳಿದು ನಡೆದುಬಿಡುತ್ತಾನೆ, ಕೆಲಸದ ಕೊನೆಯ ದಿನ, ಅಷ್ಟೂ ಜನರ ಎದುರು. ಮುಳ್ಳು ಗೆರೆಯ ಮೇಲೆಯೇ ಇದೆ.

ಕೆಟಲ್ ಅಂತ ಹೆಸರಿಟ್ಟವನೂ ಅವನೇ. ಆರು ವರ್ಷದ ಕೆಲಸಕ್ಕೆ ಒಂದೇ ಮಾತಿನಲ್ಲಿ ನಾಮಕರಣ — ಕೋಳಿ ಫಾರಂ ಒಂದರ ಹಿತ್ತಲಲ್ಲಿ ಬಿದ್ದಿದ್ದ ಪಿಕಪ್ಪು, ಅವಳಿಗಿಂತ ವಯಸ್ಸಿನಲ್ಲಿ ಹಿರಿದು, ಸೀಟಿದ್ದ ಜಾಗದಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದವು, ಚಾಸಿ ಬೇರೊಂದು ಗಾಡಿಯದು, ಎಂಜಿನ್ನು ಮಗುಚಿ ಬಿದ್ದ ವ್ಯಾನಿನದು, ಉಳಿದದ್ದು ಅವಳದು, ಮಡ್‌ಗಾರ್ಡು, ಹಿಂದಿನ ತೊಟ್ಟಿ, ಬಾನೆಟ್ಟಿನ ಬೆನ್ನಿನ ಆ ಉಬ್ಬು, ಒಂದೊಂದು ಅಂಗುಲವನ್ನೂ ಮರದ ಸುತ್ತಿಗೆಯಲ್ಲಿ ಬಡಿದು ಬಡಿದು ತಂದದ್ದು, ಬಡಿಯುವುದು ಅವಳಿಗೆ ಹೊಸದಲ್ಲ, ಇಪ್ಪತ್ತೆರಡು ವರ್ಷದಿಂದ ತಗಡಿನ ಕೆಲಸ, ಕಾರ್ಖಾನೆಗೆ, ಬೇಕರಿಗೆ, ದೊಡ್ಡ ಅಡುಗೆಮನೆಗಳಿಗೆ ಗಾಳಿ ಹೋಗುವ ಬರುವ ಕೊಳವೆಗಳನ್ನು ಮಾಡುವವಳು, ಅಣ್ಣನ ಬಾಯಲ್ಲಿ ತಗಡಮ್ಮ. ಮೂರು ವರ್ಷದ ಹಿಂದೆ ಮೊದಲ ಸಲ ರಸ್ತೆಗಿಳಿಸಿದ ದಿನ ಅಣ್ಣನನ್ನು ಕೂರಿಸಿಕೊಂಡು ನೆಟ್ಟಗೆ ಡಿಪೋಗೇ ಹೋಗಿದ್ದಳು, ನೋಡಲಿ ಎಲ್ಲರೂ ಅಂತ, ಗೇಟಿನಲ್ಲಿ ಬಸ್ಸುಗಳ ಸಾಲು, ಹತ್ತು ನಿಮಿಷ ನಿಂತದ್ದಷ್ಟೇ, ಬಾನೆಟ್ಟಿನ ಸಂದಿನಿಂದ ಬುಸ್ಸೆಂದು ಹಬೆ, ಯಾರೋ ಕಿಟಕಿಯಿಂದ ತಲೆ ಹಾಕಿ ಟೀ ಆಯ್ತೇನಕ್ಕಾ ಎಂದು ಕೇಳಿದ, ಅಂಗಳಕ್ಕೆ ಅಂಗಳವೇ ನಕ್ಕಿತು. ಅಣ್ಣ ಇಳಿದ, ಅಂಗಿಯ ತೋಳು ಮಡಚಿದ, ಹೆಗಲು ಕೊಟ್ಟು ಗೋಡೆಯ ತನಕ ತಳ್ಳಿದ, ಸಂಜೆ ಮನೆಯಲ್ಲಿ ಕೈ ತೊಳೆಯುತ್ತಾ ಅಂದ, ಕೆಟಲ್‌ಗೆ ಚಕ್ರ ಹಾಕಿದೀಯಮ್ಮ, ಚೆನ್ನಾಗಿದೆ. ಅವತ್ತಿನಿಂದ ಅವನು ಈ ಸೀಟಿನಲ್ಲಿ ಕೂತದ್ದು ಇವತ್ತೇ.

ಮುಂದೆ ರಸ್ತೆಯುಬ್ಬು, ನಿಧಾನ, ಅಣ್ಣನಿಗೆ ಉಬ್ಬು ಹಾರಿಸಿದರೆ ಆಗುವುದಿಲ್ಲ, ಹಿಂದಿನವರು ಏನೋ ಹಾಡುತ್ತಿದ್ದಾರೆ, ರಾಗ ಒಬ್ಬೊಬ್ಬರದು ಒಂದೊಂದು ದಿಕ್ಕಿಗೆ, ಮುಳ್ಳು ಗೆರೆಯ ಮೇಲೆ — ಕಾಯಿಲೆ ಒಂದು, ವೈದ್ಯರು ನೂರು, ಮೂರು ವರ್ಷ ಎಷ್ಟು ಜನರ ಬುದ್ಧಿವಾದ ಕೇಳಲಿಲ್ಲ ಅವಳು. ಬಿಸಿಗೆ ತೆರೆದು ನೀರು ಹರಿಯಬಿಡುವ ಥರ್ಮೋಸ್ಟಾಟ್ ಹೋಗಿರುತ್ತೆ ಅಂದರು, ಬಿಚ್ಚಿ ತಂದು ಅಡುಗೆಮನೆಯ ಪಾತ್ರೆಯಲ್ಲಿ ನೀರು ಕಾಯಿಸಿ ಅದರೊಳಗೆ ಇಳಿಬಿಟ್ಟು ನೋಡಿದಳು, ಬಿಸಿ ಏರಿದಾಗ ಲಕ್ಷಣವಾಗಿ ಬಾಯಿ ತೆರೆಯಿತು, ಆ ಪಾತ್ರೇಲಿ ಇನ್ನೊಂದು ಸಲ ಹಾಲು ಕಾಯ್ಸಿದ್ರೆ ನಾನಂತೂ ಕುಡಿಯಲ್ಲ ಅಂದದ್ದು ಗಂಡ. ನೀರಿನ ಪಂಪ್ ಬದಲಾಯಿಸು ಅಂದರು, ಬದಲಾಯಿಸಿದಳು, ಮುಚ್ಚಳ ಸಡಿಲ ಅಂದರು, ಹೊಸದು ಹಾಕಿದಳು, ಕೊನೆಗೆ ಎಲ್ಲರೂ ಒಂದೇ ಬಾಯಲ್ಲಿ ನೀರು ತಣಿಸುವ ರೇಡಿಯೇಟರ್ ಕಟ್ಟಿದೆ ಅಂದರು, ಬೆಸುಗೆ ತಾತನ ಹತ್ತಿರ ಹೊತ್ತುಕೊಂಡು ಹೋದಳು, ರೇಡಿಯೇಟರುಗಳಿಗೆ ಬೆಸುಗೆ ಹಾಕುತ್ತಲೇ ಬೆನ್ನು ಬಾಗಿದ ಮನುಷ್ಯ, ನಾಲ್ಕು ದಿನ ಕೂತು ಕೊಳವೆ ಕೊಳವೆಯನ್ನೂ ಕಡ್ಡಿ ಹಾಕಿ ಚೊಕ್ಕ ಮಾಡಿಕೊಟ್ಟ. ಮಾರನೇ ದಿನವೇ ಸಂತೆಯ ಬೀದಿಯಲ್ಲಿ ಗಾಡಿ ಮತ್ತೆ ಕುದಿಯಿತು, ಅವಳು ಸೀದಾ ಅವನ ಅಂಗಡಿಗೆ ಹೋಗಿ, ಗಿರಾಕಿಗಳು ನಿಂತಿದ್ದರು, ಅವರ ಎದುರಿಗೇ, ಕಣ್ಣು ಕಾಣದಿದ್ರೆ ಕೆಲಸ ಬಿಡಬೇಕು ತಾತ, ಜನರ ಗಾಡಿ ಹಾಳು ಮಾಡಬಾರದು — ಬಾಯಿಗೆ ಬಂದದ್ದು ಬಂದೇಬಿಟ್ಟಿತು. ತಾತ ತಲೆ ಎತ್ತಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಆ ಗಾದೆ ಕಟ್ಟಿದವರು ಅವಳನ್ನು ನೋಡಿಯೇ ಕಟ್ಟಿರಬೇಕು, ಅವತ್ತು ಹಾಗೆ ಅನ್ನಿಸಲಿಲ್ಲ, ಈಗ ನೆನೆದರೆ ಕಿವಿಯ ತುದಿ ಕಾಯುತ್ತದೆ.

ಕಾಯಿಲೆಯ ಸುಳಿವು ಮೊದಲಿನಿಂದಲೂ ಕಾಣಿಸುತ್ತಿತ್ತು, ಕಣ್ಣು ಬಿಟ್ಟು ನೋಡಿದ್ದರೆ. ಹೆದ್ದಾರಿಯಲ್ಲಿ ನೂರು ಕಿಲೋಮೀಟರ್ ಹೋದರೂ ಮುಳ್ಳು ಮಿಸುಕದು, ನಿಂತರೆ ಮಾತ್ರ, ತೆವಳಿದರೆ ಮಾತ್ರ ಏರುವುದು, ಅಂದರೆ ಓಡುವಾಗ ತಾನೇ ನುಗ್ಗುವ ಗಾಳಿ ಸಾಕು, ನಿಂತಾಗ ಫ್ಯಾನು ಎಳೆಯಬೇಕಾದ ಗಾಳಿ ಬರುತ್ತಿಲ್ಲ, ಗಾಳಿ, ಅವಳ ಕಸುಬೇ ಗಾಳಿ. ಹೋದ ತಿಂಗಳು ಒಂದು ಬೇಕರಿಯ ಹೊಗೆಕೊಳವೆ ಮುಗಿಸಿ, ದಿನವೂ ಮಾಡುವಂತೆ ಒಂದು ಹಾಳೆ ಹಿಡಿದು ಎಳೆತ ನೋಡಿದಳು, ಹಾಳೆ ರಪ್ಪನೆ ಜಾಲರಿಗೆ ಅಂಟಿಕೊಂಡಿತು, ಸೈ, ಕೈ ಒರೆಸಿಕೊಂಡು ಹೊರಟವಳಿಗೆ ಅರ್ಧ ದಾರಿಯಲ್ಲಿ ಏನೋ ಹೊಳೆದು, ಮನೆಗೆ ಬಂದವಳೇ ಗಾಡಿ ಚಾಲೂ ಮಾಡಿ ಅದೇ ಹಾಳೆಯನ್ನು ರೇಡಿಯೇಟರಿನ ಮುಂದಿನ ಜಾಲರಿಗೆ ಹಿಡಿದಳು, ಹಾಳೆ ಅಂಟಲಿಲ್ಲ, ಜಾರಿ ಕಾಲಿನ ಬಳಿ ಬಿತ್ತು, ಎತ್ತಿ ಹಿಡಿದಳು, ಮತ್ತೆ ಬಿತ್ತು. ಬಾನೆಟ್ ಎತ್ತಿ ಎಂಜಿನ್ ಆರಿಸಿ ಫ್ಯಾನಿನ ಎಲೆಯನ್ನು ಬೆರಳಿನಿಂದ ಸವರಿದಾಗ ತಿಳಿಯಿತು, ಎಲೆಯ ಹಳ್ಳ ಇರಬೇಕಾದ ಕಡೆ ಉಬ್ಬು, ಉಬ್ಬಿರಬೇಕಾದ ಕಡೆ ಹಳ್ಳ, ಫ್ಯಾನು ಬೆನ್ನು ಮುಂದಾಗಿ ಕೂತಿದೆ, ಮೂರು ವರ್ಷದಿಂದ ಸೌಟು ಬೋರಲು ಹಿಡಿದು ನೀರು ಮೊಗೆದ ಹಾಗೆ ಗಾಳಿ ಮೊಗೆಯುತ್ತಿದೆ. ಹಾಗೆ ಕೂರಿಸಿದವಳು ಅವಳೇ. ಫ್ಯಾನಿನ ಒಂದು ಮುಖಕ್ಕೆ ತುಕ್ಕಿನ ಕಲೆ, ಇನ್ನೊಂದು ಮುಖ ನುಣುಪು, ನುಣುಪಾದದ್ದಕ್ಕೆ ಮೂರು ಕೋಟು ಕೆಂಪು ಬಣ್ಣ ಬಳಿದು, ಡಿಪೋದವರು ಜಾಲರಿಯೊಳಗೆ ಇಣುಕಿದರೆ ಕಾಣಲಿ ಅಂತ ಅದನ್ನೇ ಮುಂದಕ್ಕೆ ತಿರುಗಿಸಿ ಬೋಲ್ಟು ಬಿಗಿದಿದ್ದಳು, ಮೇಲೆ ಥಳಕು ಒಳಗೆ ಹುಳುಕು, ಗಾಳಿಯ ಕೊಳವೆ ಮಾಡಿ ಹೊಟ್ಟೆ ಹೊರೆಯುವವಳು ಮಾಡುವ ಕೆಲಸವೇ ಇದು. ನೆಲದ ಮೇಲೆ ಕೂತು ನಕ್ಕಳು, ನಗು ನಿಂತ ಮೇಲೆ ತಾತನ ನೆನಪಾಯಿತು.

ಮೊದಲು ಅವನ ಅಂಗಡಿಗೇ ಹೋದದ್ದು, ಗಿರಾಕಿಗಳು ಇರುವ ಹೊತ್ತು ನೋಡಿಕೊಂಡೇ ಹೋದದ್ದು, ಬೈದದ್ದು ನಾಲ್ಕು ಜನರ ಎದುರಾದರೆ ತಪ್ಪೊಪ್ಪುವುದೂ ನಾಲ್ಕು ಜನರ ಎದುರೇ ಆಗಬೇಕು, ತಾತ ನಿಮ್ಮ ಕೆಲಸ ಸರಿಯಿತ್ತು, ಫ್ಯಾನು ತಿರುಗಾಮುರುಗ ಹಾಕಿದ್ದು ನಾನು, ಅಂದಳು, ತಾತ ಬೆಸುಗೆಯ ಕಡ್ಡಿ ಕೆಳಗಿಟ್ಟ, ಬಿಸಿ ಇದ್ದಾಗ ಮುಚ್ಚಳ ತೆಗೀಬಾರದು ಅಂತ ಗೊತ್ತಿತ್ತು ತಾಯಿ, ಅದಕ್ಕೇ ಅವತ್ತು ಸುಮ್ಮನಿದ್ದೆ, ಕೂತ್ಕೋ, ಟೀ ಕುಡಿ. ಆಮೇಲೆ ಫ್ಯಾನು ತಿರುಗಿತು, ಕೆಂಪು ಎಂಜಿನ್ನಿನ ಕಡೆಗೆ, ಕಲೆ ಜಾಲರಿಯ ಕಡೆಗೆ, ಅದರ ಸುತ್ತ ಅವಳೇ ಬಡಿದು ಮಾಡಿದ ತಗಡಿನ ಬಳೆ, ಎಲೆ ಎಳೆದ ಗಾಳಿಯೆಲ್ಲ ರೇಡಿಯೇಟರಿನ ಮೂಲಕವೇ ಬರಬೇಕು, ಪಕ್ಕದಿಂದ ಕದ್ದು ನುಸುಳಬಾರದು, ಎಲೆಯ ತುದಿಗೂ ಬಳೆಗೂ ನಡುವೆ ಒಂದು ಬೆರಳಿನ ಸಂದು, ಸುತ್ತಲೂ ಅಷ್ಟೇ, ಎಲ್ಲಿ ಬೇಕಾದರೂ ಬೆರಳು ಹಾಕಿ ನೋಡಲಿ ಯಾರಾದರೂ, ಇಂಥ ಬಳೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ಹೆಮ್ಮೆ, ಹೌದು, ಹೆಮ್ಮೆಯೇ, ಅದಕ್ಕೆ ಯಾರ ಅಪ್ಪಣೆ ಬೇಕು. ಹಾಳೆ ಹಿಡಿದಾಗ ಕೈಯಿಂದ ಕಿತ್ತುಕೊಂಡು ಜಾಲರಿಗೆ ಬಡಿಯಿತು. ಆಗ ಹೋಗಿ ಅಣ್ಣನಿಗೆ ಹೇಳಿದಳು, ನಿನ್ನ ಕೊನೇ ದಿನ ಡಿಪೋದಿಂದ ನಾನೇ ಕರ್ಕೊಂಡ್ ಬರ್ತೀನಿ. ಟೀ ಪುಡಿ ನಾನ್ ತರ್ಲಾ ನೀನ್ ತರ್ತೀಯಾ ಅಂದ. ಅವಳು ನಗಲಿಲ್ಲ. ಅವನೂ ನಗು ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿದ, ನಿಲ್ಲಿಸಿಟ್ಟು ಎಷ್ಟು ಹೊತ್ತು ಓಡ್ಸಿದೀಯ. ನಲವತ್ತು ನಿಮಿಷ. ಸರಿ ಅಂದ, ಸರಿ ಅನ್ನುವ ಮಾತು ಅವನ ಬಾಯಿಂದ ಹೊರಡುವುದು ವರ್ಷಕ್ಕೊಮ್ಮೆ.

ರೈಲ್ವೆ ಗೇಟು. ಕೆಂಪು ದೀಪ, ಗೇಟು ಇಳಿಯುತ್ತಿದೆ, ಅವಳು ಬರುವ ಹೊತ್ತಿಗೇ ಇಳಿಯಬೇಕಿತ್ತೇ, ಬ್ರೇಕು, ನ್ಯೂಟ್ರಲ್, ಹಾಡು ನಿಂತಿತು, ಗೂಡ್ಸು ಬರುತ್ತಿದೆ, ಒಂದು ಡಬ್ಬಿ, ಎರಡು, ಹತ್ತು, ಇದಕ್ಕೆ ಬಾಲವೇ ಇಲ್ಲವೋ ಏನೋ, ಗೇಟಿನಲ್ಲಿ ಆಗಲೇ ನಿಂತಿದ್ದ ಲಾರಿಯ ಬಿಸಿ ಹೊಗೆ ನೇರ ಈ ಗಾಡಿಯ ಜಾಲರಿಗೆ, ಮನೆಯ ಅಂಗಳದಲ್ಲಿ ನಲವತ್ತು ನಿಮಿಷ ಓಡಿಸಿದಾಗ ಎದುರಿಗೆ ಲಾರಿ ಇರಲಿಲ್ಲ, ಮುಳ್ಳು ಗೆರೆ ದಾಟಿತು, ದಾಟಿತು ಹೌದು, ಬಿಸಿಲಲ್ಲ, ಮುಳ್ಳೇ, ಕೂದಲಷ್ಟು, ಇನ್ನೊಂದು ಕೂದಲಷ್ಟು, ಅಣ್ಣನ ಕಣ್ಣೂ ಅಲ್ಲೇ, ಮೂವತ್ತನಾಲ್ಕು ವರ್ಷ ಮೀಟರು ನೋಡಿದ ಕಣ್ಣು, ತಪ್ಪಿಸಲಾಗುವುದಿಲ್ಲ. ಡಿಪೋದ ಹಿರಿಯ ಮೆಕ್ಯಾನಿಕ್ ಕಿಟಕಿಯ ಬಳಿ ಬಂದ, ಆಫ್ ಮಾಡಿಬಿಡಿ ಅಕ್ಕಾ, ಬಾನೆಟ್ ಎತ್ತಿದ್ರೆ ತಣ್ಣಗಾಗುತ್ತೆ. ಆಫ್ ಮಾಡಿದರೆ ನೀರು ನಿಲ್ಲುತ್ತದೆ, ಗಾಳಿ ನಿಲ್ಲುತ್ತದೆ, ನಿಂತಲ್ಲೇ ಕುದಿಯುತ್ತದೆ, ಬೇಡ, ಆಫ್ ಮಾಡಲ್ಲ, ಅಂದು ಬಲಗಾಲನ್ನು ಮೆಲ್ಲಗೆ ಒತ್ತಿದಳು, ಎಂಜಿನ್ನಿನ ದನಿ ಒಂದು ಮೆಟ್ಟಿಲು ಮೇಲೇರಿತು, ನಿಂತ ಗಾಡಿಗೆ ಯಾಕೆ ಆಕ್ಸಿಲರೇಟರ್ ಕೊಡ್ತೀಯ ಅಂದ ಅಣ್ಣ, ಫ್ಯಾನಿಗೆ, ಅಂದಳು, ಗಾಳಿ ಬೇಕು ಅದಕ್ಕೆ. ಮುಳ್ಳು ಮುಕ್ಕಾಲಿನ ಗೆರೆಗೆ ಬಂತು. ಡಬ್ಬಿ, ಡಬ್ಬಿ, ಡಬ್ಬಿ. ಬಾನೆಟ್ಟಿನ ಕೆಳಗೆ ಗಾಳಿ ಹೂಂ ಎನ್ನುವ ಸದ್ದು, ಅವಳಿಗೆ ಗೊತ್ತಿರುವ ಸದ್ದು, ಸಾವಿರ ಕೊಳವೆಗಳಲ್ಲಿ ಕೇಳಿದ್ದು, ಎಳೆಯುತ್ತಿದೆ, ಸರಿಯಾಗಿ ಎಳೆಯುತ್ತಿದೆ, ಇನ್ನು ಅದಕ್ಕೆ ಬಿಟ್ಟದ್ದು. ಬಾಗಿಲು ತೆಗೆದ ಸದ್ದು, ಅಣ್ಣ ಇಳಿದ.

ಇಳಿದೇಬಿಟ್ಟ, ನೋಡಬಾರದು, ಕಾಲು ಕದಲಬಾರದು, ಬಲಗಾಲು ಹಾಗೇ ಇರಲಿ, ಕೂಗಬಾರದು, ಅಣ್ಣ ಅಂತ ಒಮ್ಮೆ ಕೂಗಿದರೆ ಅಳು ಬರುತ್ತದೆ — ಕನ್ನಡಿಯಲ್ಲಿ ಅವನು ಮುಂದಕ್ಕೆ ನಡೆಯುತ್ತಿಲ್ಲ, ಹಿಂದಕ್ಕೆ ಹೋಗುತ್ತಿದ್ದಾನೆ, ತೊಟ್ಟಿಯ ಮೂಲೆಯಲ್ಲಿ ಟಾರ್ಪಾಲು ಎತ್ತುತ್ತಿದ್ದಾನೆ, ಅದರ ಕೆಳಗೆ ಎರಡು ದೊಡ್ಡ ಕ್ಯಾನು, ಅವಳು ಇಟ್ಟದ್ದಲ್ಲ, ಡಿಪೋದಲ್ಲಿ ಯಾವಾಗಲೋ ಅವಳ ಕಣ್ಣು ತಪ್ಪಿಸಿ ಇವನೇ ಇಡಿಸಿದ್ದು, ರೇಡಿಯೇಟರಿಗೆ ನೀರು, ಕುದಿದೇ ಕುದಿಯುತ್ತದೆ ಅಂತ ಲೆಕ್ಕ ಹಾಕಿಯೇ ಹತ್ತಿದ್ದನೇ ಕಳ್ಳ, ಗೊತ್ತಿದ್ದೂ ಹತ್ತಿದ್ದನೇ. ಮೆಕ್ಯಾನಿಕ್ ಕ್ಯಾನಿಗೆ ಕೈ ಹಾಕಿದ, ಬಾನೆಟ್ ಎತ್ಲಾ ಅಣ್ಣಾ. ಅಣ್ಣ ಪಕ್ಕಕ್ಕೆ ಬಾಗಿ, ಬಸ್ಸಿನ ಎಂಜಿನ್ನಿಗೆ ಕಿವಿಗೊಡುವ ಹಾಗೆ ಬಾನೆಟ್ಟಿನ ಕಡೆಗೆ ಕಿವಿಗೊಟ್ಟು ನಿಂತ, ಗೂಡ್ಸಿನ ಸದ್ದಿನ ನಡುವೆ ಏನು ಕೇಳಿಸಿತೋ, ಮುಚ್ಚಳ ತಿರುಗಿಸಿ ಕ್ಯಾನನ್ನು ಮೆಕ್ಯಾನಿಕ್ಕಿನ ಕೈಗೇ ಕೊಟ್ಟ, ಗಾಡಿಗೆ ಬೇಡ ಕಣಯ್ಯ, ಬಿಸಿಲಲ್ಲಿ ನಡ್ಕೊಂಡ್ ಬಂದಿದೀರ, ನೀವು ಕುಡೀರಿ. ಬೊಗಸೆ ಬೊಗಸೆ ಕುಡಿದರು, ಮುಖ ತೊಳೆದರು, ಒಬ್ಬರ ಮೇಲೊಬ್ಬರು ಎರಚಿಕೊಂಡರು, ಎರಡೂ ಕ್ಯಾನು ಬರಿದಾಗಿ ತೊಟ್ಟಿಯೊಳಗೆ ಡಬ್ ಎಂದು ಬಿದ್ದವು, ಈಗ ಮನೆಯ ತನಕ ಒಂದು ತೊಟ್ಟು ನೀರಿಲ್ಲ. ಅಣ್ಣ ಬಂದು ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡ, ಗೇಟು ಎತ್ತುತ್ತಿದ್ದರು, ನಡಿ ತಗಡಮ್ಮ ಅಂದ, ಅವಳು ಒಂದನೇ ಗೇರು ಹಾಕಿದಳು, ಕಣ್ಣಿನಲ್ಲಿ ನೀರು, ಮೀಟರು ಮಂಜು ಮಂಜು, ಒರೆಸಿಕೊಂಡು ನೋಡಿದಳು, ಮುಕ್ಕಾಲಿನ ಗೆರೆಯಿಂದ ಕೂದಲಷ್ಟು ಕೆಳಗೆ, ಇನ್ನೂ ಕೂದಲಷ್ಟು, ಇಳಿಯುತ್ತಾ, ಇಳಿಯುತ್ತಾ, ನಡುವಿನ ಬಿಳಿ ಗೆರೆ, ಗೆರೆಯ ಮೇಲೆ ಮುಳ್ಳು, ಮುಳ್ಳು