ಹದಿನೇಳನೇ ನಂಬರಿನ ಭತ್ತ

ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಕಡಿಮೆಯಾಗುತ್ತದಂತೆ. ಮದುವೆಯಾದ ಮರುವಾರದಿಂದಲೇ ನಾನು ಹೇಳುತ್ತಾ ಬಂದಿದ್ದೇನೆ, ನಮ್ಮ ಪೂವಯ್ಯ ಇನ್ನೂ ಗಟ್ಟಿಮುಟ್ಟಾಗಿಯೇ ಇದ್ದಾರೆ. ಅವರ ಆಯುಸ್ಸಿನಲ್ಲಿ ಏನಾದರೂ ಕಡಿಮೆಯಾಗಿದ್ದರೆ ಅದು ಹದಿನೇಳನೇ ನಂಬರಿನ ಭತ್ತದಿಂದ.

ಕೊಡಗು ಇನ್ನೂ ತನ್ನದೇ ರಾಜ್ಯವಾಗಿದ್ದ ಕಾಲ ಅದು. ಮಾದಾಪುರದಿಂದ ಮೇಲಕ್ಕಿರುವ ನಮ್ಮ ಊರಿನಲ್ಲಿ ಕೃಷಿ ಇಲಾಖೆಯವರು ಒಂದು ಗದ್ದೆ ಹಿಡಿದು ಭತ್ತದ ಪ್ರಯೋಗ ನಡೆಸುತ್ತಿದ್ದರು. ಪೂವಯ್ಯ ಅಲ್ಲಿ ಫೀಲ್ಡ್‌ಮ್ಯಾನ್. ಕೆಲಸ ಏನೆಂದರೆ ಭತ್ತಕ್ಕೆ ಮದುವೆ ಮಾಡಿಸುವುದು. ಚಿಮುಟ ಹಿಡಿದು ಕೆಸರಿನಲ್ಲಿ ಬಗ್ಗಿ, ಒಂದು ತೆನೆಯ ಹೂಗಳಿಂದ ಗಂಡು ಭಾಗವನ್ನೆಲ್ಲ ಕಿತ್ತು, ಇನ್ನೊಂದು ಜಾತಿಯ ಪರಾಗ ಉದುರಿಸಿ, ಮೇಲೆ ಕಾಗದದ ಚೀಲ ಕಟ್ಟುವುದು. ನನ್ನ ತಲೆಗೆ ಒಂದು ಹೂ ಮುಡಿಸದ ಮನುಷ್ಯ ಆರು ವರ್ಷ ಹುಲ್ಲಿನ ಹೂವಿಗೆ ಉಪಚಾರ ಮಾಡಿದರು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಮುಚ್ಚಿಡುವುದೇನು.

ಸಾಹೇಬರ ಕಾಗದದ ಪ್ರಕಾರ ಇದೆಲ್ಲ ಬೆಂಕಿ ರೋಗ ತಡೆಯುವ ಭತ್ತಕ್ಕಾಗಿ. ಪೂವಯ್ಯನವರ ಮನಸ್ಸಿನಲ್ಲಿದ್ದದ್ದು ಬೇರೆ. ನಮ್ಮದು ಚಳಿಯ ಊರು, ಭತ್ತ ಹಣ್ಣಾಗುವುದು ತಡ. ಹೊಸ ಭತ್ತದ ಹಬ್ಬ ಹುತ್ತರಿ ಬಂದಾಗ ಕದಿರು ಕುಯ್ಯಲು ಒಂದು ತೆನೆಯೂ ಬಲಿತಿರುತ್ತಿರಲಿಲ್ಲ. ಪ್ರತಿ ವರ್ಷ ಕೆಳಗಿನ ಊರಿಗೆ ಹೋಗಿ ಕದಿರು ಬೇಡಿ ತರಬೇಕು. ಅವರು ಕೊಡುತ್ತಿದ್ದರು, ಜೊತೆಗೆ ಒಂದು ಮಾತನ್ನೂ ಕೊಡುತ್ತಿದ್ದರು: "ಎಂತ, ನಿಮ್ಮ ಗದ್ದೇಲಿ ಬೆಳೆಯೋದು ದನಕ್ಕೆ ಮಾತ್ರವಾ?" ಪೂವಯ್ಯನವರ ಅಪ್ಪ ಆ ಮಾತನ್ನು ಕೇಳಿ ಕೇಳಿಯೇ ಮುದುಕರಾದವರು.

ಆ ವರ್ಷ ಹದಿನೇಳನೇ ನಂಬರು ಹುತ್ತರಿಗೆ ಎಂಟು ದಿನ ಮೊದಲೇ ಹೊಂಬಣ್ಣಕ್ಕೆ ತಿರುಗಿತು. ಸುತ್ತಲೂ ಹಸಿರು, ನಡುವೆ ಚಾಪೆಯಷ್ಟಗಲದ ಚಿನ್ನ. ಬುಡದಲ್ಲಿ ನೇರಳೆ ಬಣ್ಣ, ಅದೇ ಅದರ ಗುರುತು. ಇದ್ದ ಬೀಜವನ್ನೆಲ್ಲ ಆ ಮಡಿಗೇ ಹಾಕಿದ್ದರು. ಹುತ್ತರಿಯಾದ ನಾಲ್ಕನೇ ದಿನ ಸಾಹೇಬರು ಬಂದು ನೋಡುವವರಿದ್ದರು. ಒಪ್ಪಿದರೆ ಹದಿನೇಳಕ್ಕೆ ಮುಂದಿನ ದಾರಿ, ಇಲ್ಲದಿದ್ದರೆ ಆರು ವರ್ಷದ ಪ್ರಯೋಗವೇ ಬಂದ್.

ಇಷ್ಟು ಗೊತ್ತಿದ್ದವರು ಬಾಯಿ ಮುಚ್ಚಿಕೊಂಡಿರಬೇಕಲ್ಲ? ಪೂವಯ್ಯ ಇಡೀ ಊರಿಗೆ ಸಾರಿ ಬಂದರು, "ಈ ಸಲ ನಮ್ಮಲ್ಲೇ ಹಣ್ಣಾಗಿದೆ" ಎಂದು.

ಊರಿನ ಹಿರಿಯ ಬೊಳ್ಳಪ್ಪಣ್ಣ ಮನೆಗೇ ಬಂದರು. "ಪೂವಯ್ಯ, ಈ ಸಲ ಕೆಳಗಿನೋರ ಕದಿರು ಬೇಡ. ನಿನ್ನ ಗದ್ದೇಲೇ ಕುಯ್ಯುವ. ಕುಯ್ಯೋನೂ ನೀನೇ."

"ಒಂದೇ ಹಿಡಿ, ಬೊಳ್ಳಪ್ಪಣ್ಣ. ಅದು ಸರ್ಕಾರದ್ದು."

"ದೇವರಿಗೆ ಒಂದು ಹಿಡಿ ಸಾಕು ಮಾರಾಯ."

ದೇವರಿಗೆ ಸಾಕಾಗಿತ್ತು, ನಿಜ. ಊರಿನ ಇಪ್ಪತ್ಮೂರು ಮನೆಗೆ ಸಾಲಲಿಲ್ಲ. ಹುತ್ತರಿಯ ರಾತ್ರಿ ಕೋವಿ ಹಾರಿತು, "ಪೊಲಿ ಪೊಲಿ ದೇವಾ", ಬೆಳೆ ಹೆಚ್ಚಲಿ ದೇವರೇ, ಎಂದು ಕೂಗುತ್ತಾ ಪೂವಯ್ಯ ಮೊದಲ ಹಿಡಿ ಕುಯ್ದರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಇಳಿದರು. ಬಾಗಿಲಿಗೆ, ಕಣಜಕ್ಕೆ, ಬಾವಿಗೆ, ಕೊಟ್ಟಿಗೆಗೆ, ತಿಪ್ಪೆಗೆ, ಎಲ್ಲದಕ್ಕೂ ಕದಿರು ಕಟ್ಟಬೇಕಲ್ಲ. ಹುಟ್ಟಿದ ಲಾಗಾಯ್ತು ಬೇಡಿ ತಂದ ಕದಿರು ಕಟ್ಟಿದವರಿಗೆ ಸ್ವಂತದ್ದು ಸಿಕ್ಕಿದೆ. ಯಾರು ಬಿಡುತ್ತಾರೆ? ಬೇಡ ಎನ್ನಲು ಪೂವಯ್ಯನವರಿಗೆ ಬಾಯಿ ಬರಲಿಲ್ಲ. ಅವರಪ್ಪ ಬದುವಿನ ಮೇಲೆ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದರು. ಬೆಳಗಾದಾಗ ಮಡಿಯಲ್ಲಿ ಕೂಳೆ ಮತ್ತು ಹದಿನೇಳು ಎಂದು ಬರೆದ ತಗಡು ಮಾತ್ರ ಉಳಿದಿತ್ತು.

ಬೀಜಕ್ಕಾದರೂ ಕದಿರು ವಾಪಸು ಕೊಡಿ ಎಂದು ಪೂವಯ್ಯ ಮನೆ ಮನೆಗೆ ಹೋಗಿ ಕೇಳಿದರು. ಕಟ್ಟಿದ ಕದಿರನ್ನು ಮುಂದಿನ ಹುತ್ತರಿಯವರೆಗೆ ಬಿಚ್ಚುವಂತಿಲ್ಲ. ಬೊಳ್ಳಮ್ಮಜ್ಜಿ ಬಾಗಿಲಿಗೆ ಅಡ್ಡ ನಿಂತೇ ಬೈದರು: "ಮನೆಯ ಲಕ್ಷ್ಮೀನ ಬಿಚ್ಚಿಕೊಡು ಅಂತೀಯಲ್ಲ, ನಿನ್ನ ಸಾಹೇಬರಿಗೆ ಹೆಂಡ್ತಿ ಮಕ್ಕಳಿಲ್ಲವಾ?" ಸಾಹೇಬರ ಹೆಂಡತಿಗೂ ಕದಿರಿಗೂ ಏನು ಸಂಬಂಧವೋ, ಯಾರೂ ಕೇಳಲಿಲ್ಲ. ನಮ್ಮ ಬಾಗಿಲಿನದನ್ನು ಮುಟ್ಟಲು ಮಾವ ಬಿಡಲಿಲ್ಲ.

ಸಾಹೇಬರು ಬಂದರು, ಖಾಲಿ ಮಡಿ ನೋಡಿದರು. ಪೂವಯ್ಯ "ಹಕ್ಕಿ ಕಾಟ ಸಾರ್" ಎಂದರು.

"ಕತ್ತಿ ಹಿಡ್ಕೊಂಡು ಬಂದಿದ್ದವೇನ್ರೀ ಹಕ್ಕಿ?" ಎಂದು ಕೂಳೆ ತೋರಿಸಿ ಕೇಳಿದರು ಸಾಹೇಬರು. ಆದರೂ ಮನುಷ್ಯ ಕೆಟ್ಟವರಲ್ಲ, ಹಕ್ಕಿ ಎಂದೇ ಬರೆದುಕೊಂಡು ತಿಪ್ಪೆ ಸಾರಿಸಿದರು. ಪ್ರಯೋಗ ಮಾತ್ರ ಬಂದ್ ಆಯಿತು. ಪೂವಯ್ಯನವರನ್ನು ಸೋಮವಾರಪೇಟೆಯ ಗೊಬ್ಬರದ ಡಿಪೋಗೆ ಹಾಕಿದರು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು, ಮಾತಿಲ್ಲ, ಕತೆಯಿಲ್ಲ. ಆ ಹಾಳು ಚಿಮುಟವನ್ನು ಮತ್ತೆ ಹಿಡಿಯಲಿ ಎಂದು ನಾನೇ ಹರಕೆ ಹೊತ್ತೆ ಎಂದರೆ ನೀವು ನಂಬಬೇಕು.

ಹುತ್ತರಿಯ ದಿನ ನಮ್ಮ ತಿಪ್ಪೆಗೆ ಕದಿರು ಕಟ್ಟಿದವಳು ನಾನು. ಕೋಲೊಂದನ್ನು ನೆಟ್ಟು, ಹೊಟ್ಟೆಕಿಚ್ಚಿನಲ್ಲಿ "ತಗೊ, ಇಲ್ಲೇ ಬಿದ್ದಿರು" ಎಂದು ಕಟ್ಟಿದ್ದೆ. ಹಕ್ಕಿಗಳು ತಿಂದವು. ಅಷ್ಟರಮಟ್ಟಿಗೆ ಪೂವಯ್ಯನವರ ಸುಳ್ಳೂ ನಿಜವಾಯಿತು. ಮಳೆ ಹಿಡಿದ ಮೇಲೆ ಕೊನೆಯ ಬುಟ್ಟಿ ಗೊಬ್ಬರ ತುಂಬಲು ಹೋದೆ. ತಿಪ್ಪೆಯ ಅಂಚಿನಲ್ಲಿ ಹುಲ್ಲು ಹುಟ್ಟಿತ್ತು. ಕೀಳಲು ಕೈ ಹಾಕಿದವಳು ಹಾಗೇ ನಿಂತೆ. ಬುಡ ನೇರಳೆ.

ಬುಟ್ಟಿ ಬಿಸಾಕಿ ಕೂಗಿಕೊಂಡೆ, "ಪೂವಯ್ಯಾ!" ಮಾವ ಜಗುಲಿಯಲ್ಲೇ ಇದ್ದರು, ಇರಲಿ.

ಪೂವಯ್ಯ ಡಿಪೋಗೆ ಹೊರಟವರು ಒಗೆದ ಬಟ್ಟೆಯಲ್ಲೇ ಓಡಿ ಬಂದು ತಿಪ್ಪೆಯಲ್ಲಿ ಮಂಡಿಯೂರಿ ಕೂತರು. ಹನ್ನೊಂದು ಸಸಿ. ಒಂದೊಂದನ್ನೂ ಮುಟ್ಟಿ ಎಣಿಸಿದರು, ಮತ್ತೆ ಎಣಿಸಿದರು. ಆಮೇಲೆ ಸಗಣಿಯ ಕೈಯಲ್ಲೇ ನನ್ನ ಕೈ ಹಿಡಿದು ಅತ್ತರು. ನಾನೂ ಅತ್ತೆ. ಅವತ್ತು ಬಸ್ಸು ತಪ್ಪಿತು.

ಸಸಿಗಳನ್ನು ನಮ್ಮ ಸ್ವಂತ ಗದ್ದೆಯಲ್ಲಿ ನೆಟ್ಟರು. ಅವು ತೆಂಡೆ ಒಡೆದು, ಒಂದೊಂದು ಬುಡದಿಂದ ಹತ್ತಾರು ಕವಲು ಎದ್ದು, ಆ ಹುತ್ತರಿಗೂ ಎಲ್ಲದಕ್ಕಿಂತ ಮೊದಲು ಹಣ್ಣಾದವು. ಬೊಳ್ಳಪ್ಪಣ್ಣ ಕೋವಿ ಹೆಗಲಿಗೇರಿಸಿಕೊಂಡು ಬಂದಾಗ ಪೂವಯ್ಯ ಬದುವಿಗೆ ಅಡ್ಡ ನಿಂತಿದ್ದರು.

"ಮನೆಗೊಂದು ತೆನೆ. ಒಂದೇ. ಉಳಿದದ್ದು ಬೀಜಕ್ಕೆ."

"ಒಂದು ತೆನೆಗೆ ಕೋವಿ ಹಾರಿಸೋದಾ?"

"ಬೇಡಾಂದ್ರೆ ಕೆಳಗಿನೂರಿಗೆ ಹೋಗಿ."

ಬೊಳ್ಳಪ್ಪಣ್ಣ ಕೋವಿ ಹಾರಿಸಿದರು. ಇಪ್ಪತ್ಮೂರು ಮನೆಯವರು ಒಂದೊಂದು ತೆನೆ ಹಿಡಿದು ತಂತಮ್ಮ ಬಾಗಿಲಿಗೆ ನಡೆದರು. ನಮ್ಮ ಮನೆಗೆ ಬಂದ ಒಂದೇ ಒಂದನ್ನು ಪೂವಯ್ಯ ನನ್ನ ಕೈಗೆ ಕೊಟ್ಟರು. ಬಾಗಿಲ ಹತ್ತಿರ ಮಾವ ಹಗ್ಗ ಹಿಡಿದು ಕಾಯುತ್ತಿದ್ದರು. ನಾವಿಬ್ಬರೂ ಅವರ ಮುಂದೆಯೇ ಹಾದು ಹಿತ್ತಲಿಗೆ ಹೋಗಿ ಅದನ್ನು ತಿಪ್ಪೆಗೆ ಕಟ್ಟಿದೆವು.