ಮೊದಲು ಗಾಳಿ, ಆಮೇಲೆ ಬೆಂಕಿ

ಸೊಣ್ಣಪ್ಪ ಮತ್ತೆ ಗುಂಡಿ ಒತ್ತಿದ. ಒಲೆಯ ಹಿಂಬದಿಯಲ್ಲಿ ಬರ್ನರ್ ಗೊರಗುಟ್ಟಿತು, ಕೆಮ್ಮಿತು, ಸುಮ್ಮನಾಯಿತು. ಕೆಂಪು ದೀಪ ಹತ್ತಿಕೊಂಡಿತು.

"ಬೆಳಗ್ಗೆ ಒಂದು ಬಾಡಿ ಚೆನ್ನಾಗೇ ಹೋಯ್ತಲ್ಲ ಸ್ವಾಮಿ, ಈಗ ಏನ್ ಬಂತೋ ಇದಕ್ಕೆ," ಎನ್ನುತ್ತ ಟವೆಲ್ಲಿನಿಂದ ಕತ್ತು ಒರೆಸಿಕೊಂಡ. ಆ ಚಿತಾಗಾರದ ಡೀಸೆಲ್ ಒಲೆಯನ್ನು ನೋಡಿಕೊಳ್ಳುವವನು ಅವನೊಬ್ಬನೇ.

"ಅದಕ್ಕೇನೂ ಬಂದಿಲ್ಲೋ, ನಮ್ಮಣ್ಣಗ ಬಂದೈತಿ," ಎಂದ ವಿಶ್ವನಾಥ. "ಬದುಕಿದ್ದಾಗ ಯಾರ ಮಾತೂ ಕೇಳಲಿಲ್ಲ. ಸತ್ತ ಮ್ಯಾಲೆ ಬೆಂಕಿ ಮಾತು ಕೇಳ್ತಾನೇನು? ಊರಾಗಾದ್ರ ಹೊಲದಾಗ ಮಣ್ಣು ಮಾಡ್ತಿದ್ವಿ. ಇಲ್ಲಿ ಹೆಣಕ್ಕೂ ಜಾಗ ಇಲ್ಲ."

ದಾಸರಹಳ್ಳಿಯ ವಠಾರದಿಂದ ಬಂದಿದ್ದ ಗಂಡಸರು ನಗು ಬಂದರೂ ತಡೆದುಕೊಂಡರು. ಒಲೆಯೊಳಗೆ ಮಲಗಿದ್ದವನು ವಿರೂಪಾಕ್ಷ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಬಾಯ್ಲರ್ ಹೊತ್ತಿಸುತ್ತಿದ್ದವನು. ನಿನ್ನೆ ಮಧ್ಯಾಹ್ನ ಊಟಕ್ಕೆ ಕೂತಲ್ಲೇ ಎದೆ ಹಿಡಿದುಕೊಂಡು ಒರಗಿದ್ದ. ಅವನ ಹೆಂಡತಿ ಯಲ್ಲಮ್ಮ ಒಲೆಯ ಕಬ್ಬಿಣದ ಬಾಗಿಲ ಪಕ್ಕದ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು. ಎಷ್ಟು ಕರೆದರೂ ಎದ್ದಿರಲಿಲ್ಲ.

ಮಗಳು ಶಿವಾನಿ ಅವ್ವನ ಹತ್ತಿರ ನಿಂತಿದ್ದಳು. ಬೇಗ ಮುಗಿಯಲಿ ಎನ್ನುವುದೊಂದನ್ನು ಬಿಟ್ಟರೆ ಬೆಳಗಿನಿಂದ ಅವಳಿಗೆ ಬೇರೆ ಆಸೆ ಇರಲಿಲ್ಲ. ಆಗ ಮೂಗಿಗೆ ಹಸಿ ಡೀಸೆಲ್ಲಿನ ವಾಸನೆ ಬಡಿಯಿತು. ಬಾಗಿಲ ಸಂದಿಯಿಂದ ಬಿಳಿಯ ಆವಿ ಎಳೆಯೆಳೆಯಾಗಿ ಹೊರಬರುತ್ತಿತ್ತು.

*

ಚಿಕ್ಕವಳಿದ್ದಾಗ, ಶಾಲೆಗೆ ರಜೆಯಿದ್ದ ಒಂದು ದಿನ ಅಪ್ಪನ ಬುತ್ತಿ ಹಿಡಿದು ಅವಳು ಕಾರ್ಖಾನೆಗೆ ಹೋಗಿದ್ದಳು. ಅಪ್ಪ ಕೈ ತೊಳೆಯಲು ಹೋಗಿದ್ದ. ಬಾಯ್ಲರಿನ ಮೇಲೆ ಕೆಂಪು ದೀಪ ಚೆಂದವಾಗಿ ಉರಿಯುತ್ತಿತ್ತು. ಅದರ ಕೆಳಗಿನ ಗುಂಡಿ ಒತ್ತಿದಳು. ಏನೋ ಗುಡುಗಿ ನಿಂತಿತು. ಖುಷಿಯಾಗಿ ಮತ್ತೆ ಒತ್ತಿದಳು.

ಮೊದಲ ಏಟು ಎಡಗಿವಿಯ ಮೇಲೆ ಬಿತ್ತು. ಬಾಯ್ಲರಿನ ಎಣ್ಣೆ ಮುಚ್ಚಿ, ಫ್ಯಾನ್ ಹಾಕಿ, ಅವಳನ್ನು ರಟ್ಟೆ ಹಿಡಿದು ಅಂಗಳಕ್ಕೆ ಎಳೆದು ತಂದು ಅಪ್ಪ ಉಳಿದದ್ದನ್ನು ಕೊಟ್ಟ. ಒಂದೊಂದು ಮಾತಿಗೆ ಒಂದೊಂದು ಏಟು.

"ಕೆಂಪು ದೀಪಕ್ಕ ಒಂದೇ ಸಲ! ಆಮ್ಯಾಲೆ ಕೈ ತೆಗಿ! ಗಾಳಿ ಹಾಕು! ಎಣ್ಣಿ ಒರಸು! ಆಮ್ಯಾಲೆ ಬೆಂಕಿ!"

ಕಿವಿಯಿಂದ ರಕ್ತ ಇಳಿದದ್ದು ಕಂಡಾಗ ಹೆಗಲ ಮೇಲೆ ಹೊತ್ತುಕೊಂಡು ಆಸ್ಪತ್ರೆಗೆ ಓಡಿದವನೂ ಅವನೇ. ಡಾಕ್ಟರಿಗೆ, "ಬಿದ್ಲರೀ," ಎಂದ.

ಬಾಯ್ಲರಿನ ಮುಂದೆ ಅವನಿಗೆ ಎಲ್ಲಿಲ್ಲದ ತಾಳ್ಮೆ. ಒಮ್ಮೆ ಹೊತ್ತಿಕೊಳ್ಳದಿದ್ದರೆ ಬೀಡಿಯನ್ನೂ ಮುಟ್ಟದೆ, ಒಳಗಿನ ಎಣ್ಣೆಯ ಆವಿ ಪೂರ್ತಿ ಹೊರಹೋಗುವವರೆಗೆ ಕುಕ್ಕರುಗಾಲಲ್ಲಿ ಕಾಯುತ್ತಿದ್ದ. ಮನೆಯಲ್ಲಿ ಕಾಯುತ್ತಿರಲಿಲ್ಲ. ಸಾರು ಆರಿತ್ತೆಂದು ಅವ್ವನ ಮೊಣಕೈ ಮುರಿದದ್ದು, ಎದುರು ಮಾತಾಡಿದಳೆಂದು ಲಟ್ಟಣಿಗೆಯಿಂದ ಹಲ್ಲು ಉದುರಿಸಿದ್ದು ವಠಾರಕ್ಕೆಲ್ಲ ಗೊತ್ತು. ಇವತ್ತು ಹಾರ ಹಾಕಿದವರೆಲ್ಲ, "ಕೆಲಸದಲ್ಲಿ ಒಂದು ದಿನ ತಪ್ಪು ಮಾಡಿದೋನಲ್ಲ," ಎಂದಷ್ಟೇ ಹೇಳಿ ಹೋಗಿದ್ದರು.

*

"ಅಣ್ಣಾ, ಒತ್ತಬೇಡಿ," ಎಂದಳು ಶಿವಾನಿ. ದನಿ ಅವಳಿಗೇ ಕೇಳಿಸಲಿಲ್ಲ. ಸೊಣ್ಣಪ್ಪ ಒತ್ತಿದ. ಮತ್ತೆ ಕೆಮ್ಮು, ಮತ್ತೆ ಕೆಂಪು.

ಅವಳು ಹೋಗಿ ಅವನ ಕೈ ಹಿಡಿದಳು. "ಪ್ರತಿ ಸಲ ಒತ್ತಿದಾಗಲೂ ಒಳಗೆ ಎಣ್ಣೆ ಬೀಳ್ತಿದೆ ಅಣ್ಣಾ. ಬೆಳಗಿನ ಬೆಂಕಿಗೆ ಇಟ್ಟಿಗೆ ಇನ್ನೂ ಕಾದಿದೆ, ಎಲ್ಲ ಆವಿಯಾಗಿ ತುಂಬ್ಕೊಂಡಿದೆ. ಈಗ ಹೊತ್ಕೊಂಡ್ರೆ ಸಿಡಿಯತ್ತೆ. ಗಾಳಿ ಹಾಕಿ, ಆಮೇಲೆ ಅಪ್ಪನ್ನ ಆಚೆ ಎಳೆದು ಎಣ್ಣೆ ಒರೆಸ್ಬೇಕು."

"ಹೊರಗ?" ವಿಶ್ವನಾಥ ಮುಂದೆ ಬಂದ. "ಒಳಗ ಹೋದ ಹೆಣ ಹೊರಗ ತರ್ತಾರೇನ? ಮನ್ಯಾಗ ಇನ್ನೊಂದು ಸಾವು ಬೇಕೇನು ನಿನಗ?"

"ತರದಿದ್ರೆ ಇಲ್ಲೇ ಸಾಯ್ತೀವಿ ಕಾಕಾ. ಅವ್ವ ಬಾಗ್ಲ ಪಕ್ಕನೇ ಕೂತಿದಾಳೆ, ನೋಡು."

"ಹೆಣ್ಣುಮಗಳನ್ನ ಸುಡುಗಾಡಿಗೆ ಬಿಟ್ಟಿದ್ದ ತಪ್ಪಾತು!" ಅವನ ಅಂಗೈ ಅವಳ ಕೆನ್ನೆಗೆ ಬಿತ್ತು. ಜಡೆ ಹಿಡಿದು ಅತ್ತ ನೂಕಿದ. "ಸರಿಯೋ ಸೊಣ್ಣಪ್ಪ, ನಿನ್ನ ಕೈಲಿ ಆಗೂದಿಲ್ಲ. ನಾ ಒತ್ತತೀನಿ."

ಗೋಡೆಗೆ ಬೂದಿ ಎಳೆಯುವ ಕಬ್ಬಿಣದ ಸಲಾಕೆ ಒರಗಿಸಿತ್ತು. ವಿಶ್ವನಾಥನ ಬೆರಳು ಗುಂಡಿ ಮುಟ್ಟುವ ಮೊದಲೇ ಅದು ಅವನ ಮಣಿಕಟ್ಟಿನ ಮೇಲೆ ಬಿತ್ತು. ಮೂಳೆ ಲಟಕ್ಕೆಂದಿತು.

"ಒಂದೇ ಸಲ!" ಎಂದು ಚೀರಿದಳು ಶಿವಾನಿ.

ಅಷ್ಟೇ ಸಾಕಿತ್ತು. ಅವನು ಕೈ ಹಿಡಿದುಕೊಂಡು ಹಿಂದೆ ಸರಿದಿದ್ದ. ಅವಳು ನಿಲ್ಲಿಸಲಿಲ್ಲ.

"ಕೈ ತೆಗಿ!" ಭುಜಕ್ಕೆ. "ಗಾಳಿ ಹಾಕು!" ಬೆನ್ನಿಗೆ. ಅವನು ನೆಲಕ್ಕೆ ಬಿದ್ದ ಮೇಲೆ, "ಎಣ್ಣಿ ಒರಸು!" ಎಂದು ಮೊಣಕಾಲಿಗೆ. ಬೆಂಗಳೂರಲ್ಲೇ ಹುಟ್ಟಿ ಬೆಳೆದವಳ ಬಾಯಿಂದ ಅಪ್ಪನ ಊರಿನ ಮಾತು ಹೊರಟಿತ್ತು.

ಯಾರೂ ಹತ್ತಿರ ಬರಲಿಲ್ಲ. ಸೊಣ್ಣಪ್ಪ ಓಡಿಹೋಗಿ ಎಣ್ಣೆಯ ಕೊಳವೆ ಮುಚ್ಚಿ, ಫ್ಯಾನ್ ಹಾಕಿದ. ಚಿಮಣಿಯಲ್ಲಿ ಬಿಳಿಯ ಹೊಗೆ ದಟ್ಟವಾಗಿ ಎದ್ದು, ಬಹಳ ಹೊತ್ತಿನ ಮೇಲೆ ತೆಳುವಾಯಿತು. ಆಮೇಲೆ ಬಾಗಿಲು ತೆರೆದು ವಿರೂಪಾಕ್ಷನನ್ನು ಹೊರಗೆಳೆದರು. ಹೊದಿಕೆಯ ಅಂಚಿನಿಂದ ಡೀಸೆಲ್ ತೊಟ್ಟಿಕ್ಕುತ್ತಿತ್ತು. ಒಲೆಯ ತಳದ ತಗ್ಗಿನಲ್ಲಿ ಎಣ್ಣೆ ನಿಂತು ಹೊಳೆಯುತ್ತಿತ್ತು.

ಸೊಣ್ಣಪ್ಪ ಅಲ್ಲೇ ಕುಸಿದು ಕೂತ. "ಇನ್ನೊಂದ್ಸಲ ಒತ್ತಿದ್ದಿದ್ರೆ ಈ ಬಾಗ್ಲು ಕಿತ್ಕೊಂಡು ಆಯಮ್ಮನ್ ಮೇಲೇ ಬರ್ತಿತ್ತು ಕಣ್ರೀ."

ಕೋಲಿಗೆ ಗೋಣಿಚೀಲ ಸುತ್ತಿ ಒಲೆ ಒರೆಸಿದರು. ಬರ್ನರಿನ ಬಾಯಿಗೆ ಕಟ್ಟಿದ್ದ ಕರಿ ಕೆರೆದರು. ಫ್ಯಾನ್ ಮತ್ತೆ ತಿರುಗಿಸಿದರು. ವಿರೂಪಾಕ್ಷ ಮತ್ತೆ ಒಳಗೆ ಹೋದ. ಸೊಣ್ಣಪ್ಪ ಶಿವಾನಿಯ ಮುಖ ನೋಡಿ ಗುಂಡಿ ಒತ್ತಿದ. ಬೆಂಕಿ ಹದವಾಗಿ ಹೊತ್ತಿ ಹೂಂಕರಿಸಿತು.

ವಠಾರದವರು ವಿಶ್ವನಾಥನನ್ನು ಎತ್ತಿಕೊಂಡು ಆಟೋ ಕಡೆಗೆ ನಡೆದರು. ಶಿವಾನಿ ಅವ್ವನ ಕಡೆ ತಿರುಗಿದಳು. ಸಲಾಕೆ ಇನ್ನೂ ಅವಳ ಕೈಯಲ್ಲೇ ಇತ್ತು.

"ಏಳವ್ವಾ. ಹೊತ್ಕೊಂಡಿತು," ಎನ್ನುತ್ತ ಬಾಗಿದಳು.

ಯಲ್ಲಮ್ಮ ಗೋಡೆಗೆ ಇನ್ನಷ್ಟು ಒತ್ತಿಕೊಂಡಳು. ಬಳೆ ಒಡೆಸಿಕೊಂಡ ಎರಡೂ ಕೈಗಳನ್ನು ತಲೆಗೆ ಅಡ್ಡ ಹಿಡಿದು, ಕಣ್ಣು ಗಟ್ಟಿಯಾಗಿ ಮುಚ್ಚಿದಳು.