ಜಾಲರಿ ಇರಲಿಲ್ಲ

"ನೀನಾಗೇ ಮಿಷನ್ನಿಗೆ ಕೈ ಕೊಟ್ಟಿದ್ದೀಯ. ಒಪ್ಕೋ, ಸುಮ್ನೆ ನನ್ ತಲೆ ತಿನ್ಬೇಡ," ಎಂದ ವಿಮೆ ಕಚೇರಿಯಿಂದ ತನಿಖೆಗೆ ಬಂದ ಸಾಹೇಬ.

ಅವಳು ಬ್ಯಾಂಡೇಜು ಸುತ್ತಿದ ಬಲಗೈಯನ್ನು ಎದೆಗೊತ್ತಿಕೊಂಡು, ತಗಡಿನಿಂದ ಡಬ್ಬಿ ಮುಚ್ಚಳ ಒತ್ತುವ ಯಂತ್ರದ ಮುಂದೆ ನಿಂತಿದ್ದಳು. ಅವಳ ನಾಲ್ಕು ಬೆರಳು ನುಂಗಿದ ಯಂತ್ರ. ಈಗ ಅದರ ಬಾಯಿಗೆ ಕಬ್ಬಿಣದ ಜಾಲರಿ ಬಿಗಿದಿದ್ದರು. ಬಳಿದ ಬಣ್ಣ ಇನ್ನೂ ಹಸಿಯಾಗಿತ್ತು.

"ಇದನ್ನ ದಾಟಿ ಕೈ ಹೆಂಗೆ ಒಳಗೋಯ್ತು? ತೋರ್ಸು."

"ಅವತ್ತು ಜಾಲರಿ ಇರ್ಲಿಲ್ಲ ಸಾರ್. ಕೆಲಸ ಬೇಗ ಸಾಗ್ಲಿ ಅಂತ ಮೇಸ್ತ್ರೀನೇ ಬಿಚ್ಚಿಸಿದ್ರು."

"ನಾಲಿಗೆ ಸೀಳ್ಬಿಡ್ತೀನಿ, ಬೇವರ್ಸಿ ಮುಂಡೆ!" ಮೇಸ್ತ್ರಿ ಮೈಮೇಲೆ ಏರಿ ಬಂದ. "ಇವಳೇ ಬಿಚ್ಚಿದ್ದು ಸಾರ್. ವಿಮೆ ದುಡ್ಡಿನ ಮೇಲೆ ಕಣ್ಣು."

ಸಾಹೇಬ ಪಕ್ಕದ ಯಂತ್ರದಲ್ಲಿದ್ದ ಅವಳ ಅತ್ತಿಗೆಯ ಕಡೆ ತಿರುಗಿದ. "ನೀನು ಇಲ್ಲೇ ಇದ್ದೆಯಲ್ಲ, ಏನ್ ನೋಡ್ದೆ?"

ಅತ್ತಿಗೆ ಮೇಸ್ತ್ರಿಯ ಮುಖ ನೋಡಿದಳು. ಗಂಡ ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತಿದ್ದ. ಒಲೆ ಉರಿಯುತ್ತಿದ್ದದ್ದು ಅವಳೊಬ್ಬಳ ಕೂಲಿಯಿಂದ.

"ನಾನೇನೂ ನೋಡ್ಲಿಲ್ಲ ಸಾರ್," ಎಂದು ತಲೆ ತಗ್ಗಿಸಿದಳು.

ಬೆರಳು ಕಳೆದುಕೊಂಡವಳು ಅತ್ತಿಗೆಯನ್ನೇ ದಿಟ್ಟಿಸಿದಳು. ಅವತ್ತು ಚಿಮ್ಮುವ ರಕ್ತಕ್ಕೆ ಮೈಮೇಲಿನ ಬಟ್ಟೆ ಹರಿದು ಕಟ್ಟಿದವಳು ಇದೇ ಅತ್ತಿಗೆ.

"ಮುಗೀತಲ್ಲ," ಎಂದ ಸಾಹೇಬ. "ನಿಮ್ಮಂಥೋರ ಆಟ ನಂಗೊತ್ತಿಲ್ವಾ? ಇವತ್ತು ಬೆರಳು ತಂದಿದ್ದೀರಿ. ನಾಳೆ ಮಗು ಕಾಲು ಮುರಿದು ತರ್ತೀರಿ."

ಮೇಸ್ತ್ರಿ ಕಿಸಕ್ಕನೆ ನಕ್ಕ.

ಅತ್ತಿಗೆ ಸರಕ್ಕನೆ ಎದ್ದಳು. ಗೋಡೆಗೆ ತೂಗುಹಾಕಿದ್ದ ಪಾನಾ ಎಳೆದುಕೊಂಡು ಬಂದು ಜಾಲರಿಯ ಬೋಲ್ಟು ಬಿಚ್ಚತೊಡಗಿದಳು.

"ಏಯ್, ಕೆಲಸ ಬೇಡ್ವೇನೇ ನಿಂಗೆ?" ಮೇಸ್ತ್ರಿ ಗದರಿದ.

"ನಿನ್ ಕೆಲಸಕ್ಕಿಷ್ಟು ಬೆಂಕಿ ಹಾಕ! ಸುಳ್ಳು ಹೇಳ್ಬಿಟ್ಟೆ ಸಾರ್. ಜಾಲರಿ ಇರ್ಲಿಲ್ಲ. ನೋಡಿ, ಹಿಂಗೇ ಬಾಯಿ ತಕ್ಕೊಂಡಿತ್ತು." ಕಿತ್ತ ಜಾಲರಿಯನ್ನು ಮೇಸ್ತ್ರಿಯ ಕಾಲಬುಡಕ್ಕೆ ಎಸೆದಳು. ಅವನು ಹೌಹಾರಿ ಹಿಂದಕ್ಕೆ ಜಿಗಿದ.

ಬೆರಳು ಕಳೆದುಕೊಂಡವಳು ಎಡಗೈ ಚಾಚಿ ಸ್ವಿಚ್ಚು ಒತ್ತಿದಳು. ಯಂತ್ರ ದಡದಡನೆ ಬಡಿಯತೊಡಗಿತು. ಒಂದು ತಗಡು ಎತ್ತಿ ಸಾಹೇಬನ ಮುಂದೆ ಹಿಡಿದಳು.

"ತಗೊಳ್ಳಿ ಸಾರ್. ಒಂದೇ ಒಂದು ಮುಚ್ಚಳ ಒತ್ತಿ. ಆಮೇಲೆ ಏನ್ ಬೇಕಾದ್ರೂ ಬರ್ಕೊಳ್ಳಿ."

ಸಾಹೇಬನ ಎರಡೂ ಕೈ ತಾವಾಗಿಯೇ ಬೆನ್ನ ಹಿಂದಕ್ಕೆ ಹೋದವು.

"ಆಫ್ ಮಾಡ್ರೇ, ಲೌಡಿಗಳಾ!" ಮೇಸ್ತ್ರಿ ಅರಚುತ್ತಾ ಸ್ವಿಚ್ಚಿನ ಕಡೆ ನುಗ್ಗಿದ.

ಉಳಿದ ಯಂತ್ರಗಳಲ್ಲಿದ್ದ ಹೆಂಗಸರು ತಮ್ಮ ತಮ್ಮ ಜಾಗ ಬಿಟ್ಟು ಬಂದರು. ಬಂದು, ಸ್ವಿಚ್ಚಿಗೆ ಬೆನ್ನು ಕೊಟ್ಟು ಒತ್ತೊತ್ತಾಗಿ ನಿಂತರು. ಅವಳು ತಗಡು ಚಾಚಿಕೊಂಡೇ ಇದ್ದಳು.